ಬೈರಕೂರಿನ ಟೈರು, ಆಲ್ಪ್ಸ್‌ನ ಇಳಿಜಾರು

ನಮ್ಮೂರು ಬೈರಕೂರು. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ. ಆಂಧ್ರದ ಗಡಿ ಹತ್ತಿರವಿರುವುದರಿಂದ ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದುಂಟು. ಸುತ್ತ ರಾಗಿ ಹೊಲ, ಟೊಮೆಟೊ, ಮಾವಿನ ತೋಪು. ನಡುನಡುವೆ ಯಾರೋ ರಾಶಿ ಹಾಕಿ ಮರೆತು ಹೋದಂತೆ ಕಾಣುವ ಬಂಡೆಗುಡ್ಡಗಳು. ಹೊಳೆಯಿಲ್ಲದ ಸೀಮೆ, ಕೆರೆ ತುಂಬಿದರೆ ಹಬ್ಬ.

ನಾನು ಹುಡುಗನಾಗಿದ್ದಾಗ ಈ ಊರಿನಲ್ಲಿ ಟೈರು ಎಂದರೆ ಆಟದ ಸಾಮಾನು. ಸವೆದು ಬಿಸಾಕಿದ ಸೈಕಲ್ ಟೈರು ಒಂದು, ಮೊಳದುದ್ದದ ಕೋಲು ಒಂದು ಸಿಕ್ಕರೆ ಸಾಕು. ಅದನ್ನು ಬಡಿಯುತ್ತಾ ಉರುಳಿಸಿಕೊಂಡು ಕೆರೆ ಕಟ್ಟೆಯವರೆಗೆ ಓಡಿದರೆ ಬಸ್ಸು ಓಡಿಸಿದಷ್ಟೇ ಹೆಮ್ಮೆ. ಆಮೇಲೆ ಅದೇ ಟೈರು ನನ್ನ ಬದುಕಿನಲ್ಲಿ ಎರಡು ಸಲ ಗಂಭೀರ ವಿಷಯವಾಯಿತು. ಒಂದು ಸಲ ಬೈರಕೂರಿನಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ, ನನಗೆ ಇಪ್ಪತ್ತೊಂದು ವರ್ಷ. ಇನ್ನೊಂದು ಸಲ ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತದಲ್ಲಿ, ನನಗೆ ಎಪ್ಪತ್ತೊಂದು ವರ್ಷ. ಎರಡನ್ನೂ ಹೇಳುತ್ತೇನೆ.

ಟೆರಿಲಿನ್ ಅಂಗಿಯ ಬೆಲೆ

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಹರ್ಕ್ಯುಲಿಸ್ ಸೈಕಲ್ಲು ಇತ್ತು. ಬಿ.ಕಾಂ. ಓದುವಾಗ ನಾನು ಅದರಲ್ಲಿ ಮುಳಬಾಗಿಲಿಗೆ ಹೋಗಿ, ಪರಿಚಯದವರ ಅಂಗಡಿಯ ಪಕ್ಕ ನಿಲ್ಲಿಸಿ, ಅಲ್ಲಿಂದ ಕೋಲಾರದ ಬಸ್ಸು ಹತ್ತುತ್ತಿದ್ದೆ. ತುಳಿದರೆ ಒಂದು ಗಂಟೆಗೂ ಮೇಲಿನ ದಾರಿ. ಆಗ ಡಾಂಬರು ಕಡಿಮೆ, ಜಲ್ಲಿ ಜಾಸ್ತಿ. ಬೇಸಿಗೆಯಲ್ಲಿ ದಾರಿಯ ಅಂಚಿನಲ್ಲಿ ನೆಗ್ಗಿಲು ಮುಳ್ಳು, ಬೇಲಿಯ ಬಳಿ ಜಾಲಿ ಮುಳ್ಳು.

ಬಸ್ಸು ನಿಲ್ಲುವ ಕಡೆ ಒಬ್ಬರು ಸೈಕಲ್ ರಿಪೇರಿ ಮಾಡುತ್ತಿದ್ದರು. ನಾವೆಲ್ಲ ಅವರನ್ನು ಸಾಬರು ಎನ್ನುತ್ತಿದ್ದೆವು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಒಣಗಿಸಿ ಪ್ಯಾಚ್ ಹಾಕುವುದನ್ನು ನೋಡುವುದೇ ಒಂದು ಚೆಂದ. ನನ್ನ ಅಂತಿಮ ಪರೀಕ್ಷೆಗೆ ಎರಡು ವಾರ ಇರುವಾಗ ಅವರು ಹಿಂದಿನ ಚಕ್ರ ತಿರುಗಿಸಿ ನೋಡಿ, "ಇದರ ಆಯಸ್ಸು ಮುಗೀತಪ್ಪ, ಹೊಸದು ಹಾಕ್ಸು" ಎಂದರು. ಟೈರಿನ ನೂಲು ಕಾಣುತ್ತಿತ್ತು.

ಅಪ್ಪ ಟೈರಿಗೆಂದು ಹಣವನ್ನೂ ಕೊಟ್ಟರು. ಆದರೆ ಮುಳಬಾಗಿಲಿನ ಬಟ್ಟೆ ಅಂಗಡಿಯಲ್ಲಿ ಒಂದು ಟೆರಿಲಿನ್ ಅಂಗಿ ತೂಗು ಹಾಕಿದ್ದರು. ಪರೀಕ್ಷೆಗೆ ಹೊಸ ಅಂಗಿ ಹಾಕಿಕೊಂಡು ಹೋಗುವ ಆಸೆ. ಹಣ ಅಲ್ಲಿಗೆ ಹೋಯಿತು. ಟೈರಿನೊಳಗೆ ಹಳೇ ಟೈರಿನ ತುಂಡೊಂದನ್ನು ಇಟ್ಟು ಮುಚ್ಚಿದೆ.

ಅಕೌಂಟೆನ್ಸಿ ಪರೀಕ್ಷೆಯ ಬೆಳಿಗ್ಗೆ ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಒಂದು ಜಲ್ಲಿಕಲ್ಲಿನ ಮೇಲೆ ದಡಕ್ಕೆಂದಿತು. ಹತ್ತು ಮಾರು ಹೋಗುವಷ್ಟರಲ್ಲಿ ರಿಮ್ಮು ನೆಲಕ್ಕೆ ತಾಗಿತು. ಪಂಪೂ ಇಲ್ಲ, ಪ್ಯಾಚೂ ಇಲ್ಲ. ಟೆರಿಲಿನ್ ಅಂಗಿ ಬೆವರಿನಲ್ಲಿ ಮೈಗಂಟಿಕೊಂಡಿತ್ತು. ಸೈಕಲ್ಲನ್ನು ತಳ್ಳಿಕೊಂಡು ಮುಳಬಾಗಿಲು ಮುಟ್ಟುವಾಗ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಆ ಪತ್ರಿಕೆಯನ್ನು ಮತ್ತೆ ಬರೆಯಲು ಆರು ತಿಂಗಳು ಕಾಯಬೇಕಾಯಿತು. ಅಪ್ಪ ಬೈಯಲಿಲ್ಲ. "ಅಂಗಿ ಚೆನ್ನಾಗಿದೆ" ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ಸಾಬರು ಟ್ಯೂಬು ಬಿಚ್ಚಿ ತೋರಿಸಿದರು. ಅಕ್ಕಪಕ್ಕದಲ್ಲಿ ಎರಡು ಸಣ್ಣ ತೂತು. "ಮುಳ್ಳು ಚುಚ್ಚಿದ್ರೆ ಒಂದೇ ತೂತು. ಇದು ಕಲ್ಲಿನ ಕೆಲಸ. ಗಾಳಿ ಕಮ್ಮಿ, ಟೈರು ತೆಳು. ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬು ಸಿಕ್ಕಿ ಹಾಕ್ಕೊಂಡು ಹಾವು ಕಚ್ಚಿದ ಹಾಗೆ ಆಗಿದೆ" ಎಂದರು. ಆ ಎರಡು ತೂತುಗಳನ್ನು ನಾನು ಮತ್ತೆ ಐವತ್ತು ವರ್ಷಗಳ ನಂತರ ನೋಡಿದೆ, ಏಳು ಸಮುದ್ರದಾಚೆ.

ಇಪ್ಪತ್ತೊಂದು ತಿರುವುಗಳ ದಾರಿ

ನಮ್ಮ ಮಗಳು, ಅಳಿಯ ಫ್ರಾನ್ಸಿನ ಗ್ರೆನೋಬ್ಲ್ ಎಂಬ ಊರಿನಲ್ಲಿದ್ದಾರೆ. ಬೀದಿಯ ಯಾವ ಕೊನೆಗೆ ನಿಂತು ನೋಡಿದರೂ ಒಂದು ಬೆಟ್ಟ ಕಾಣುವ ಊರು ಅದು. ಮೊಮ್ಮಗ ಅಲ್ಲೇ ಎಂಜಿನಿಯರಿಂಗ್ ಓದುತ್ತಿದ್ದ. ಬೆಟ್ಟದ ಸೈಕಲ್ಲಿನ ಹುಚ್ಚು. ನಾನು, ನನ್ನ ಹೆಂಡತಿ ಹೋದ ಬೇಸಿಗೆಯಲ್ಲೇ ಅವನು ಒಂದು ಓಟಕ್ಕೆ ಹೆಸರು ಕೊಟ್ಟಿದ್ದ. "ತಾತ, ನೀವೂ ಬನ್ನಿ" ಎಂದು ಕರೆದ.

ಗ್ರೆನೋಬ್ಲ್‌ನಿಂದ ಕಾರಿನಲ್ಲಿ ಕಣಿವೆಯೊಳಗೆ ಹೋಗಿ ಬೂರ್ ದ್ವಾಜಾಂ ಎಂಬ ಪೇಟೆ ದಾಟಿದರೆ ಬೆಟ್ಟದ ರಸ್ತೆ ಶುರು. ಮೇಲೆ ಆಲ್ಪ್ ದ್ಯುಎಜ್ ಎಂಬ ಊರು, ಸಮುದ್ರಮಟ್ಟದಿಂದ ಸುಮಾರು 1,860 ಮೀಟರ್. ಆ ಊರಿಗೆ ಏರುವ ರಸ್ತೆಯಲ್ಲಿ 21 ಕಡಿದಾದ ತಿರುವುಗಳು. ಕೆಳಗಿನ ತಿರುವಿಗೆ 21ನೇ ನಂಬರು, ಮೇಲಿನದಕ್ಕೆ 1. ಏರುವವರಿಗೆ ಇನ್ನೆಷ್ಟು ಬಾಕಿ ಎಂದು ಲೆಕ್ಕ ಸಿಗಲಿ ಎಂದೇ ಹೀಗೆ ಇಟ್ಟಂತಿದೆ. ಟೂರ್ ದ ಫ್ರಾನ್ಸ್ ಎಂಬ ಪ್ರಸಿದ್ಧ ಸೈಕಲ್ ಓಟ 1952ರಲ್ಲಿ ಮೊದಲ ಬಾರಿ ಈ ಬೆಟ್ಟ ಹತ್ತಿತು. ಅಂದು ಮೊದಲು ಮೇಲೆ ಮುಟ್ಟಿದವರು ಇಟಲಿಯ ಫೌಸ್ಟೊ ಕೊಪ್ಪಿ. ಇಲ್ಲಿ ಗೆದ್ದವರ ಹೆಸರಿನ ಫಲಕಗಳು ತಿರುವುಗಳಲ್ಲಿವೆ. ನನ್ನ ವಯಸ್ಸಿನ ಮುದುಕರು ಕೂಡ ಏದುಸಿರು ಬಿಡುತ್ತಾ ಆ ರಸ್ತೆಯಲ್ಲಿ ತುಳಿಯುತ್ತಿದ್ದರು. ಕಾರಿನಲ್ಲಿ ಕೂತಿದ್ದ ನನಗೆ ನಾಚಿಕೆಯಾಯಿತು.

ಆದರೆ ನಮ್ಮ ಹುಡುಗನ ಓಟ ಏರುವುದಲ್ಲ, ಇಳಿಯುವುದು. ಅದರ ಹೆಸರು ಮೆಗಾವಲಾಂಶ್, ಅಂದರೆ ಮಹಾ ಹಿಮಕುಸಿತ. ಜಾರ್ಜ್ ಎಡ್ವರ್ಡ್ಸ್ ಎಂಬ ಸಂಘಟಕರು 1995ರಲ್ಲಿ ಶುರು ಮಾಡಿದ್ದು. ಪಿಕ್ ಬ್ಲಾಂ, ಅಂದರೆ ಬಿಳಿ ಶಿಖರ, ಎಂಬ 3,300 ಮೀಟರಿಗೂ ಎತ್ತರದ ತುದಿಗೆ ತೊಟ್ಟಿಲ ಬಂಡಿಯಲ್ಲಿ ಸೈಕಲ್ ಸಮೇತ ಹೋಗುತ್ತಾರೆ. ಅಲ್ಲಿಂದ ಆಲ್ಮೋಂ ಎಂಬ ಕಣಿವೆಯ ಹಳ್ಳಿಯವರೆಗೆ ಇಳಿಯಬೇಕು. ಆ ಹಳ್ಳಿ ಇರುವುದು ಸುಮಾರು 720 ಮೀಟರ್ ಎತ್ತರದಲ್ಲಿ.

ಮಕ್ಕಳೇ, ಕಳೆದು ನೋಡಿ. ಸುಮಾರು 2,600 ಮೀಟರ್ ಇಳಿತ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಅದರ ತುದಿಯಿಂದ ಮಂಗಳೂರಿನ ಕಡಲತೀರಕ್ಕೆ ಇಳಿದರೂ ಇಷ್ಟಾಗುವುದಿಲ್ಲ!

ಬೇರೆ ಇಳಿಜಾರಿನ ಓಟಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಯಾರು ಎಷ್ಟು ಹೊತ್ತು ತೆಗೆದುಕೊಂಡರು ಎಂದು ಗಡಿಯಾರ ನೋಡಿ ಹೇಳುತ್ತಾರೆ. ಇಲ್ಲಿ ಹಾಗಲ್ಲ. ನೂರಾರು ಜನ ಸಾಲುಸಾಲಾಗಿ ಹಿಮದ ಮೇಲೆ ನಿಂತು, ಸಂಕೇತ ಸಿಕ್ಕ ಕೂಡಲೇ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಯಾರು ಯಾವ ಸಾಲಿನಲ್ಲಿ ನಿಲ್ಲಬೇಕು ಎನ್ನುವುದನ್ನು ಮೊದಲೇ ನಡೆಸುವ ಅರ್ಹತಾ ಓಟ ತೀರ್ಮಾನಿಸುತ್ತದೆ.

ಮತ್ತೆ ಎರಡು ತೂತು

ಆ ಅರ್ಹತಾ ಓಟದ ಸಂಜೆ ಮೊಮ್ಮಗ ನಾವಿದ್ದ ಬಾಡಿಗೆ ಕೋಣೆಗೆ ಸೈಕಲ್ಲನ್ನು ತಳ್ಳಿಕೊಂಡು ಬಂದ. ಮುಖ ಚಿಕ್ಕದಾಗಿತ್ತು. ಹಿಂದಿನ ಟೈರು ಜೋತು ಬಿದ್ದಿತ್ತು. ನಡುದಾರಿಯ ಬಂಡೆಗಳಲ್ಲಿ ಗಾಳಿ ಹೋಗಿ, ಉಳಿದ ದಾರಿಯನ್ನು ನಡೆದು ಮುಗಿಸಿದ್ದ. ಅವನಿಗೆ ಸಿಕ್ಕಿದ್ದು ಹಿಂದಿನ ಸಾಲುಗಳ ಗುಂಪು.

ನಾನು ಕನ್ನಡಕ ಹಾಕಿಕೊಂಡು ಟೈರನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಒಂದು ಸೀಳು ಮೇಲ್ಭಾಗದ ಅಂಚಿನಲ್ಲಿ, ಇನ್ನೊಂದು ಅದಕ್ಕೆ ಸರಿಯಾಗಿ ರಿಮ್ಮಿನ ಪಕ್ಕದಲ್ಲಿ.

"ಹಾವು ಕಚ್ಚಿದೆಯಲ್ಲೋ" ಎಂದೆ.

ಅವನು ಬೆರಗಾದ. "ತಾತ, ಇಲ್ಲೂ ಇದಕ್ಕೆ ಹಾವಿನ ಕಡಿತ ಅಂತಲೇ ಹೇಳ್ತಾರೆ. ನಿಮಗೆ ಹೇಗೆ ಗೊತ್ತು?"

ಟೆರಿಲಿನ್ ಅಂಗಿಯ ಕಥೆಯನ್ನು ಆಗ ಹೇಳಿದೆ. ಮಗಳೂ ಅದನ್ನು ಮೊದಲ ಸಲ ಕೇಳಿದ್ದು.

ರಾತ್ರಿ ಊಟದ ಪಾತ್ರೆ ತೊಳೆಯುವಾಗ ಮಗಳು ಮೆಲ್ಲಗೆ ಹೇಳಿದಳು: "ಅಪ್ಪ, ನನ್ನ ಮಾತು ಅವನು ಕೇಳಲ್ಲ. ನೀವು ಬೇಡ ಅಂದ್ರೆ ಬಿಡ್ತಾನೆ. ಒಂದು ಮಾತು ಹೇಳಿ." ಅವಳ ಕಣ್ಣಲ್ಲಿ ನೀರಿತ್ತು. ನಾನು ಉತ್ತರ ಕೊಡಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಸಾಲದ ಅರ್ಜಿ ಬಂದಾಗ ಬೇಡ ಎನ್ನುವುದು ಬಹಳ ಸುಲಭ. ಏನಿದ್ದರೆ ಕೊಡಬಹುದು ಎಂದು ಕೇಳುವುದು ಕಷ್ಟದ ಕೆಲಸ. ಮೊಮ್ಮಗನನ್ನು ಕೂರಿಸಿಕೊಂಡು ಅದನ್ನೇ ಕೇಳಿದೆ.

ನಾಲ್ಕು ದಾರಿಗೆ ಒಂದು ಟೈರು

"ದಾರಿ ಹೇಗಿದೆ ಹೇಳು. ಮೇಲಿಂದ ಕೆಳಗಿನವರೆಗೆ."

ಅವನು ಬೆರಳು ಮಡಿಚಿ ಹೇಳಿದ. ಮೊದಲು ಸಾರೆನ್ ಹಿಮನದಿಯ ಹಿಮ. ಆಮೇಲೆ ಹಿಮ ಕರಗಿ ಬಯಲಾದ ಚೂಪುಗಲ್ಲು, ಬಂಡೆ. ಅದರ ಕೆಳಗೆ ಹುಲ್ಲುಗಾವಲು, ನಡುವೆ ಉಸಿರು ಕಟ್ಟಿಸುವ ಒಂದೆರಡು ಏರು. ಕೊನೆಗೆ ಕಾಡು, ಮರದ ಬೇರು, ಪುಡಿಮಣ್ಣು. ಒಂದೇ ಓಟದಲ್ಲಿ ನಾಲ್ಕು ಬಗೆಯ ನೆಲ. ನಡುವೆ ಟೈರು ಬದಲಿಸಲು ಯಾರಿಗೂ ಪುರುಸೊತ್ತಿಲ್ಲ.

ಬೆಟ್ಟದ ಸೈಕಲ್ಲಿನ ಟೈರನ್ನು ನೀವು ನೋಡಿರಬಹುದು. ನಮ್ಮ ಹಳೇ ಸೈಕಲ್ಲಿನ ಟೈರು ಒಂದೂವರೆ ಅಂಗುಲ ಅಗಲ. ಇದು ಸುಮಾರು ಎರಡೂವರೆ ಅಂಗುಲ. ಮೈಮೇಲೆ ಹಲಸಿನ ಹಣ್ಣಿನ ಹಾಗೆ ಗುಬುಟುಗಳು. ನಡುವಿನ ಗುಬುಟುಗಳು ಬ್ರೇಕು ಹಿಡಿದಾಗ ನೆಲ ಕಚ್ಚುತ್ತವೆ. ಅಂಚಿನವು ಸೈಕಲ್ಲು ವಾಲಿ ತಿರುಗುವಾಗ ಜಾರದಂತೆ ಹಿಡಿಯುತ್ತವೆ. ರಬ್ಬರಿನಲ್ಲಿ ಮೆದು, ಗಡಸು ಎಂದು ಎರಡು ಜಾತಿ. ಮೆದು ರಬ್ಬರು ಕಲ್ಲಿಗೆ ಅಂಟಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ, ತುಳಿಯಲು ಭಾರ. ಗಡಸು ರಬ್ಬರು ಸಲೀಸಾಗಿ ಉರುಳುತ್ತದೆ, ಆದರೆ ಜಾರುತ್ತದೆ. ಆದ್ದರಿಂದ ಬಲ್ಲವರು ಮುಂದಕ್ಕೆ ಮೆದು, ಹಿಂದಕ್ಕೆ ಸ್ವಲ್ಪ ಗಡಸು ಹಾಕುತ್ತಾರೆ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಬಿದ್ದಂತೆಯೇ.

ಒಳಗೆ ಟ್ಯೂಬು ಇಲ್ಲ. ಟೈರು ರಿಮ್ಮಿಗೆ ಗಾಳಿಯಾಡದಂತೆ ಕಚ್ಚಿಕೊಂಡಿರುತ್ತದೆ. ಒಳಗೆ ಒಂದಿಷ್ಟು ಹಾಲಿನಂಥ ದ್ರವ ಹಾಕುತ್ತಾರೆ. ಮುಳ್ಳು ಚುಚ್ಚಿದರೆ ಆ ದ್ರವ ತೂತಿಗೆ ನುಗ್ಗಿ ಗಟ್ಟಿಯಾಗಿ ಮುಚ್ಚಿಬಿಡುತ್ತದೆ, ಕಳ್ಳಿಯ ಹಾಲು ಗಾಯದ ಮೇಲೆ ಹೆಪ್ಪುಗಟ್ಟುವಂತೆ. ನಮ್ಮ ನೆಗ್ಗಿಲು ಮುಳ್ಳಿಗೆ ಸರಿಯಾದ ಮದ್ದು. ಆದರೆ ಬಂಡೆ ಸೀಳಿದ ದೊಡ್ಡ ಗಾಯಕ್ಕೆ ಅದು ಸಾಲದು.

ಇನ್ನು ಮುಖ್ಯವಾದದ್ದು ಟೈರಿನ ಮೈ, ಅಂದರೆ ರಬ್ಬರಿನೊಳಗಿನ ಬಟ್ಟೆ. ಒಂದು ಪದರದ್ದು ಹಗುರ. ಅವನು ಹಾಕಿದ್ದ ಟೈರು ಒಂದೊಂದು 900 ಗ್ರಾಂ ಆಸುಪಾಸು. ಎರಡು ಪದರದ್ದು ಒಂದೊಂದು 1,200 ಗ್ರಾಂಗೂ ಮೇಲೆ. ಹಗುರದ್ದರಲ್ಲಿ ಏರು ಹತ್ತುವಾಗ ನಾಲ್ಕು ಜನರನ್ನು ಹಿಂದೆ ಹಾಕಬಹುದು. ದಪ್ಪದ್ದರಲ್ಲಿ ಕಾಲು ಸೋಲುತ್ತದೆ, ಆದರೆ ಕಲ್ಲು ಹೊಡೆದರೂ ತಡೆಯುತ್ತದೆ.

"ಗಾಳಿ ಜಾಸ್ತಿ ಹಾಕಿದರೆ ಹಗುರದ್ದೇ ನಡೆಯಲ್ಲವಾ?" ಎಂದು ಕೇಳಿದೆ.

"ಜಾಸ್ತಿ ಹಾಕಿದ್ರೆ ಚೆಂಡಿನ ಹಾಗೆ ಪುಟಿಯುತ್ತೆ ತಾತ. ಹಿಮದಲ್ಲೂ ಬೇರಿನ ಮೇಲೂ ಹಿಡಿತವೇ ಇರಲ್ಲ. ಇಪ್ಪತ್ತೈದು ಪೌಂಡು ಸುತ್ತಮುತ್ತ ಇರಬೇಕು, ಹಿಂದಕ್ಕೆ ಒಂದೆರಡು ಜಾಸ್ತಿ."

ಇಲ್ಲಿ ಒಂದು ವಿಜ್ಞಾನದ ಸ್ವಾರಸ್ಯ ಇದೆ. ಊರಿನಲ್ಲಿ ಗಾಳಿ ತುಂಬಿ ಶಿಖರಕ್ಕೆ ಹೋದರೆ ಅಲ್ಲಿ ಹೊರಗಿನ ವಾತಾವರಣದ ಒತ್ತಡ ಕಡಿಮೆ. ಆದ್ದರಿಂದ ಅದೇ ಟೈರು ಅಲ್ಲಿ ಹೆಚ್ಚು ಗಟ್ಟಿಯಾಗಬೇಕು, ಗೇಜು ಒಂದೆರಡು ಪೌಂಡು ಹೆಚ್ಚು ತೋರಿಸಬೇಕು. ಆದರೆ ಮೇಲೆ ಚಳಿ. ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಒಂದು ಜಮಾ, ಒಂದು ಖರ್ಚು. ಕೊನೆಗೆ ಲೆಕ್ಕ ಹೆಚ್ಚು ಕಡಿಮೆ ಸರಿಹೋಗುತ್ತದೆ. ಕಾಗದದ ಮೇಲೆ ಇದನ್ನು ನಾವಿಬ್ಬರೂ ಲೆಕ್ಕ ಹಾಕಿ ನೋಡಿದೆವು. ಹಳೇ ಬ್ಯಾಂಕ್ ಗುಮಾಸ್ತನಿಗೆ ಅಂದು ಬಹಳ ಖುಷಿಯಾಯಿತು.

ಗಾಳಿ ತುಂಬಿದ ಟೈರು ಬಳಕೆಗೆ ಬರಲು ಕಾರಣವೂ ಒಬ್ಬ ಹುಡುಗನೇ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಬೀದಿಯಲ್ಲಿ ಕುಲುಕಾಡುವುದನ್ನು ನೋಡಲಾರದೆ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. ಆದರೆ ಆ ಕಾಲದ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ದೊಡ್ಡ ಫಜೀತಿ. ಕೈಯಲ್ಲಿ ಬಿಚ್ಚಿ ಹಾಕಬಹುದಾದ ಟೈರನ್ನು 1891ರಲ್ಲಿ ತಂದವರು ಇದೇ ಫ್ರಾನ್ಸಿನ ಮಿಶೆಲಿನ್ ಸೋದರರು. ಅದೇ ವರ್ಷ ಆ ಟೈರು ಹಾಕಿಕೊಂಡು ಶಾರ್ಲ್ ತೆರೋಂ ಎಂಬಾತ ಪ್ಯಾರಿಸ್ಸಿನಿಂದ ಬ್ರೆಸ್ಟ್ ಊರಿಗೆ ಹೋಗಿ ಪ್ಯಾರಿಸ್ಸಿಗೆ ಮರಳುವ ದೊಡ್ಡ ಓಟವನ್ನೇ ಗೆದ್ದ. ಅಂದರೆ ವೇಗದ ಜೊತೆಗೆ, ಕೆಟ್ಟರೆ ಸರಿಮಾಡಿಕೊಳ್ಳುವ ಉಪಾಯವೂ ಗೆಲುವಿಗೆ ಬೇಕು.

ಕೊನೆಗೆ ನಾನು ಕೇಳಿದೆ: "ಈ ನಾಲ್ಕು ದಾರಿಯಲ್ಲಿ ಅತಿ ಉದ್ದದ್ದು ಯಾವುದು ಅಂತ ನನಗೆ ಬೇಡ. ಅತಿ ಕೆಟ್ಟದ್ದು ಯಾವುದು?"

"ಕಲ್ಲು."

"ಹಾಗಾದರೆ ಕಲ್ಲಿಗೆ ತಕ್ಕ ಟೈರು ಹಾಕು. ಉಳಿದದ್ದಕ್ಕೆ ಕಾಲಿದೆ, ತಲೆಯಿದೆ."

ಅವನು ತಲೆ ತಗ್ಗಿಸಿದ. "ದಪ್ಪ ಟೈರು ಒಂದು ಜೊತೆಗೆ ನೂರು ಯೂರೋಗೂ ಜಾಸ್ತಿ ತಾತ. ಓಟದ ಫೀಸಿಗೇ ಹಣ ಮುಗಿದಿದೆ. ಅಪ್ಪನ ಹತ್ತಿರ ಕೇಳಲ್ಲ."

ನೂರು ಯೂರೋ ಎಂದರೆ ರೂಪಾಯಿ ಲೆಕ್ಕದಲ್ಲಿ ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸಿ ಒಂದು ಕ್ಷಣ ಉಸಿರು ನಿಂತಿತು. ಬೈರಕೂರಿನಲ್ಲಿ ಆ ಹಣಕ್ಕೆ ಇಡೀ ಸೈಕಲ್ಲೇ ಬರುತ್ತದೆ. ಆದರೂ ಪಿಂಚಣಿಯಲ್ಲಿ ಉಳಿಸಿ ತಂದಿದ್ದ ನೋಟುಗಳನ್ನು ಎಣಿಸಿ ಕೊಟ್ಟೆ. "ಇದು ಟೈರಿಗೆ. ಅಂಗಿಗೆ ಅಲ್ಲ" ಎಂದೆ. ಬಾಗಿಲ ಬಳಿ ನಿಂತಿದ್ದ ಮಗಳು ಏನೂ ಹೇಳದೆ ಒಳಗೆ ಹೋದಳು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಡ ಎನ್ನದೆ ಹಣ ಕೊಟ್ಟವನು ನಾನು. ಏನಾದರೂ ಆದರೆ ಮಗಳ ಮುಖ ಹೇಗೆ ನೋಡಲಿ?

ಆಲ್ಮೋಂನಲ್ಲಿ ಕಾಯುವುದು

ಓಟದ ದಿನ ಅವನು ಕತ್ತಲಲ್ಲೇ ಎದ್ದ. ಮುಖ ಮುಚ್ಚುವ ಹೆಲ್ಮೆಟ್ಟು, ಬೆನ್ನಿಗೆ, ಮೊಣಕೈಗೆ, ಮೊಣಕಾಲಿಗೆ ಕವಚ. ಯಕ್ಷಗಾನದ ವೇಷ ಕಟ್ಟಿದಂತೆ ಒಂದೊಂದಾಗಿ ಕಟ್ಟಿಕೊಂಡ. ಇವಿಲ್ಲದೆ ಅಲ್ಲಿ ಯಾರನ್ನೂ ಬಿಡುವುದಿಲ್ಲ. ಅಜ್ಜಿ ಹಣೆಗೆ ಕುಂಕುಮ ಇಟ್ಟಳು. ಅದರ ಮೇಲೆ ಹೆಲ್ಮೆಟ್ಟು ಬಂತು. ಹೊರಡುವ ಮುಂಚೆ ಎರಡೂ ಟೈರುಗಳನ್ನು ನನ್ನ ಹೆಬ್ಬೆರಳಿನಿಂದ ಒತ್ತಿಸಿದ. "ಸರಿಯಾಗಿದೆ" ಎಂದೆ.

ನಾವು ಕಾರಿನಲ್ಲಿ ಕೆಳಗಿನ ಆಲ್ಮೋಂಗೆ ಹೋದೆವು. ಚಿಕ್ಕ, ಚೊಕ್ಕ ಹಳ್ಳಿ. ಪಕ್ಕದಲ್ಲೇ ವೆರ್ನೇ ಎಂಬ ಜಲಾಶಯ. ಮೇಲಿನ ಗ್ರಾಂಡ್ ಮೇಸೋಂ ಅಣೆಕಟ್ಟಿನಿಂದ ನೀರು ಬಿಟ್ಟು ವಿದ್ಯುತ್ ತೆಗೆದು, ಬೇಡಿಕೆ ಕಡಿಮೆಯಿದ್ದಾಗ ಅದೇ ನೀರನ್ನು ಈ ಜಲಾಶಯದಿಂದ ಮತ್ತೆ ಮೇಲಕ್ಕೆ ಪಂಪು ಮಾಡುತ್ತಾರಂತೆ. ಕೆರೆಗಳ ಸೀಮೆಯವನಾದ ನನಗೆ ತುಂಬಿದ ನೀರು ಕಂಡರೆ ಸಮಾಧಾನ. ಅಂದು ಅದೂ ಸಾಲಲಿಲ್ಲ.

ಮೊದಲ ಸವಾರರು ಶಿಖರ ಬಿಟ್ಟ ಒಂದು ಗಂಟೆಯೊಳಗೇ ಧೂಳಿನ ಸುಳಿಯಂತೆ ಬಂದರು. ಆಮೇಲೆ ಹತ್ತು, ಇಪ್ಪತ್ತು, ಐವತ್ತು. ಕೆಲವರ ಅಂಗಿ ಹರಿದಿತ್ತು. ಒಬ್ಬರ ಮೊಣಕೈಯಲ್ಲಿ ರಕ್ತ. ಒಬ್ಬಾತ ಟೈರೇ ಇಲ್ಲದ ಬರಿ ರಿಮ್ಮಿನ ಮೇಲೆ ಕಟಕಟ ಎನ್ನಿಸುತ್ತಾ ಬಂದ. ಜನ ಅವನಿಗೆ ಗೆದ್ದವನಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಮ್ಮ ಹುಡುಗನ ಗುಂಪನ್ನು ಬಿಟ್ಟು ಒಂದೂವರೆ ಗಂಟೆ ಕಳೆಯಿತು. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅವಳು ಚಿಕ್ಕವಳಾಗಿದ್ದಾಗ ಆವನಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಹಿಡಿದ ಹಾಗೆ.

ಒಂದು ಮುಕ್ಕಾಲು ಗಂಟೆಗೆ ಬಂದ. ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ, ನಮ್ಮೂರಿನ ಕೆಮ್ಮಣ್ಣಲ್ಲ, ಬೂದಿ ಬಣ್ಣ. ಸೈಕಲ್ಲಿನ ಒಂದು ಹಿಡಿಕೆ ಸವೆದು ಹೋಗಿತ್ತು. ಆದರೆ ಎರಡು ಚಕ್ರದ ಮೇಲೆ ಬಂದ. ಅವನ ಅಮ್ಮ ಮೊದಲು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ತಬ್ಬಿಕೊಂಡಳು.

"ಟೈರು ಹೇಗಿತ್ತೋ?" ಎಂದೆ.

ಅವನು ಲೆಕ್ಕ ಒಪ್ಪಿಸಿದ. "ಹಿಮದಲ್ಲಿ ಮೂರು ಸಲ ಬಿದ್ದೆ ತಾತ. ಅಲ್ಲಿ ಯಾವ ಟೈರೂ ನಿಲ್ಲಲ್ಲ, ಎಲ್ಲರೂ ಬೀಳ್ತಿದ್ರು, ಕೂತ್ಕೊಂಡೇ ಜಾರ್ತಿದ್ರು. ಏರಿನಲ್ಲಿ ಕಾಲು ಸತ್ತು ಹೋಯ್ತು, ತುಂಬ ಜನ ದಾಟಿ ಹೋದ್ರು. ಆದ್ರೆ ಕಲ್ಲಿನ ಜಾಗದಲ್ಲಿ ದಾರಿ ಪಕ್ಕ ಸಾಲಾಗಿ ಪಂಕ್ಚರ್ ಹಾಕ್ತಾ ಕೂತಿದ್ರು. ನಾನು ಅವರನ್ನೆಲ್ಲ ದಾಟಿ ಬಂದೆ."

ಜಮಾ, ಖರ್ಚು ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಹಿಡಿಸಿತು. ಎಷ್ಟನೆಯವನಾಗಿ ಬಂದ ಎಂದು ಕೇಳಬೇಡಿ. ಕೇಳಿದರೆ ಅವನೂ ನಗುತ್ತಾನೆ.

ಸಂಜೆ ಶಿಖರದ ಕಡೆ ನೋಡುತ್ತಾ ಅವನು ಇನ್ನೊಂದು ಮಾತು ಹೇಳಿದ. ಆ ಸಾರೆನ್ ಹಿಮನದಿ ವರ್ಷದಿಂದ ವರ್ಷಕ್ಕೆ ಕರಗುತ್ತಾ ಬಹಳ ಚಿಕ್ಕದಾಗಿತ್ತು. ಹಿಮ ಹೋದಷ್ಟೂ ಕಲ್ಲು ಬಯಲಾಗುತ್ತದೆ. ಮುಂದೆ ಬರುವ ಹುಡುಗರಿಗೆ ಹಿಮದ ಟೈರಿನ ಚಿಂತೆಯೇ ಇರುವುದಿಲ್ಲವೇನೋ. ಬತ್ತಿದ ಕೆರೆಗಳ ಊರಿನವನಾದ ನನಗೆ ಆ ಮಾತು ಬೇಗ ಅರ್ಥವಾಯಿತು.

ಮರಳಿ ಬೈರಕೂರಿಗೆ

ನಾವು ಹಿಂದಿರುಗುವಾಗ ಹಾವು ಕಚ್ಚಿದ ಆ ಹಗುರ ಟೈರನ್ನು ಸೂಟ್‌ಕೇಸಿನಲ್ಲಿ ಸುತ್ತಿ ತಂದೆ. "ಕಸ ಹೊತ್ಕೊಂಡು ಹೋಗ್ತಾರಲ್ಲ" ಎಂದು ಮನೆಯಾಕೆ ಗೊಣಗಿದಳು.

ನಮ್ಮ ಕಡೆ ಹೈಸ್ಕೂಲು ಮಕ್ಕಳ ಸೈಕಲ್ಲು ನೋಡಿದಾಗಲೆಲ್ಲ ಈಗ ನನ್ನ ಕಣ್ಣು ಟೈರಿನ ಮೇಲೇ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲು ಶುರು ಮಾಡಿದಾಗ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳಿಗೆ ಶಾಲೆ ಹತ್ತಿರವಾಯಿತು. ಆ ಸೈಕಲ್ಲುಗಳಲ್ಲಿ ಕೆಲವು ತಮ್ಮ, ತಂಗಿಯರ ಕೈ ದಾಟಿ ಇನ್ನೂ ಓಡುತ್ತಿವೆ, ನೂಲು ಕಾಣುವ ಟೈರಿನ ಮೇಲೆ.

ಆದ್ದರಿಂದ ಮಕ್ಕಳೇ, ಭಾನುವಾರ ಐದು ನಿಮಿಷ ಕೊಡಿ. ಚಕ್ರ ಎತ್ತಿ ನಿಧಾನವಾಗಿ ತಿರುಗಿಸಿ. ಚುಚ್ಚಿಕೊಂಡ ಮುಳ್ಳು, ಗಾಜಿನ ಚೂರು ಇದ್ದರೆ ತೆಗೆಯಿರಿ. ಟೈರಿನ ಪಕ್ಕದ ಗೋಡೆಯಲ್ಲಿ ಬಿರುಕು, ಉಬ್ಬು, ನೂಲು ಕಂಡರೆ ಮನೆಯಲ್ಲಿ ಹೇಳಿ. ಎಷ್ಟು ಗಾಳಿ ಹಾಕಬೇಕೆಂದು ಸಾಮಾನ್ಯವಾಗಿ ಅದೇ ಗೋಡೆಯ ಮೇಲೆ ಅಚ್ಚು ಹಾಕಿರುತ್ತಾರೆ, ಓದಿ. ಅಜ್ಜ, ಅಜ್ಜಿಯರೇ, ಮೊಮ್ಮಕ್ಕಳು ಟೈರಿಗೆ ಹಣ ಕೇಳಿದರೆ ಕೊಡಿ. ಹಣ ಎಲ್ಲಿಗೆ ಹೋಯಿತೆಂದು ಚಕ್ರವನ್ನೂ ಒಮ್ಮೆ ನೋಡಿ.

ಸೂಟ್‌ಕೇಸಿನಲ್ಲಿ ಬಂದ ಆ ಟೈರು ಈಗ ಎಲ್ಲಿದೆ ಎಂದಿರಾ? ಪಕ್ಕದ ಮನೆಯ ಹುಡುಗ ಕೇಳಿದ, ಕೊಟ್ಟೆ. ಆಲ್ಪ್ಸ್ ಬಂಡೆಯ ಮೇಲೆ ಉರುಳಿದ ಟೈರು ನಮ್ಮ ಬೀದಿಯಲ್ಲಿ ಕೋಲಿನ ಏಟು ತಿನ್ನುತ್ತಾ ಕೆರೆ ಕಟ್ಟೆಯ ಕಡೆಗೆ ಉರುಳುತ್ತಿದೆ. ಗುಬುಟುಗಳಿರುವುದರಿಂದ ನಮ್ಮ ಕಾಲದ ಟೈರಿನಷ್ಟು ನೆಟ್ಟಗೆ ಹೋಗುವುದಿಲ್ಲ ಎಂಬುದು ಅವನ ದೂರು.